ದಫ್ತರದಲ್ಲಿ ನಮ್ಮ ಹೆಸರು

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಸರ್ಕಾರದ ದಾಖಲೆಗಳನ್ನು ಗಣಕಯಂತ್ರದಲ್ಲಿ ಇಡುವ ಕಾರ್ಯವನ್ನು ಬೇರೆ ಬೇರೆ ದೇಶಗಳು ಹೇಗೆ ನಡೆಸುತ್ತಿವೆ ಎಂಬುದನ್ನು ಹೋಲಿಸಿ ಹೇಳಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ಹಾಡು, ನಾಟಕ, ಮಕ್ಕಳ ಬಹುಮಾನ ವಿತರಣೆಗಳ ನಡುವೆ ಇದು ಒಣ ವಿಷಯವೆಂದು ಯಾರಿಗಾದರೂ ತೋರಿದರೆ ಆಶ್ಚರ್ಯವಿಲ್ಲ. ಆದರೆ ಈ ಸಭೆಯಲ್ಲಿ ಕುಳಿತಿರುವವರಲ್ಲಿ ಒನ್ ಬಿ ನಕಲಿಗಾಗಿ, ಅಡಂಗಲ್ಲಿಗಾಗಿ, ಮಗನ ಜಾತಿ ಪ್ರಮಾಣಪತ್ರಕ್ಕಾಗಿ, ಪಿಂಚಣಿಯ ಪಟ್ಟಿಯಲ್ಲಿ ತಾಯಿಯ ಹೆಸರನ್ನು ಸರಿಪಡಿಸುವುದಕ್ಕಾಗಿ ಕಚೇರಿಯ ಮೆಟ್ಟಿಲು ಹತ್ತದ ಮನೆಯವರು ಬಹಳ ಇರಲಾರರು. ಆದುದರಿಂದ ನಾನು ದೂರದ ದೇಶಗಳ ಮಾತನ್ನು ಆಡುವಾಗಲೂ ತಮ್ಮ ಮನಸ್ಸಿನಲ್ಲಿ ನಿಮ್ಮ ನಿಮ್ಮ ಮನೆಯ ಪೆಟ್ಟಿಗೆಯಲ್ಲಿರುವ ಕಾಗದಗಳು ಇರಲಿ ಎಂದು ಬೇಡುತ್ತೇನೆ.

ಮೊದಲು ಈ ಊರಿನ ಹೆಸರನ್ನೇ ತೆಗೆದುಕೊಳ್ಳೋಣ. ಹರಿವಾಣವೆಂದರೆ ಅಗಲವಾದ ತಟ್ಟೆ. ಆ ಮಾತು ಕನ್ನಡಕ್ಕೂ ತೆಲುಗಿಗೂ ಸಮಾನವಾಗಿ ಸೇರಿದ್ದು. ‘ಪೆದ್ದ’ ಎಂಬುದು ತೆಲುಗು. ಕನ್ನಡ ನಾಲಗೆ ಅದನ್ನು ‘ದೊಡ್ಡ’ ಎನ್ನುತ್ತದೆ. ಕೊನೆಯಲ್ಲಿ ಬಂದು ಕುಳಿತ ಸೊನ್ನೆಯೂ ತೆಲುಗಿನದೇ. ಹೀಗೆ ಒಂದು ಊರಿನ ಹೆಸರಿನಲ್ಲಿಯೇ ಎರಡು ಭಾಷೆಗಳು ಸಂಸಾರ ಮಾಡುತ್ತಿವೆ. ಅದರಲ್ಲಿ ಕೆಡುಕೇನೂ ಇಲ್ಲ. ನಾವು ಬದುಕುತ್ತಿರುವುದೂ ಹಾಗೆಯೇ. ಆದರೆ ದಫ್ತರದಲ್ಲಿ ಒಂದು ಹೆಸರು ಬರೆಯುವುದಕ್ಕೆ ಒಂದೇ ಅಂಕಣವಿರುತ್ತದೆ. ಆ ಅಂಕಣದಲ್ಲಿ ಯಾವ ರೂಪ ಬರೆಯಲ್ಪಟ್ಟಿತೋ ಅದೇ ಸತ್ಯವೆನಿಸುತ್ತದೆ, ಮಿಕ್ಕವು ಬಾಯಿಮಾತಾಗುತ್ತವೆ.

ಈ ಸೀಮೆಯ ಕಾಗದಪತ್ರಗಳು ಎಷ್ಟು ಯಜಮಾನರನ್ನು ಕಂಡಿವೆ ಎಂಬುದನ್ನು ಸ್ವಲ್ಪ ನೆನೆಯಬೇಕು. 1800ರಲ್ಲಿ ನಿಜಾಮರು ಈ ಪ್ರದೇಶವನ್ನು ಇಂಗ್ಲಿಷ್ ಕಂಪನಿಗೆ ಬಿಟ್ಟುಕೊಟ್ಟರು. ಆ ವರ್ಷದಿಂದ 1807ರವರೆಗೆ ಥಾಮಸ್ ಮನ್ರೋ ಎಂಬಾತ ಇಲ್ಲಿ ಮುಖ್ಯ ಕಲೆಕ್ಟರನಾಗಿದ್ದು ಹೊಲಗಳನ್ನು ಅಳೆಯಿಸಿ, ರೈತನ ಹೆಸರಿನಲ್ಲಿಯೇ ಕಂದಾಯ ನಿಶ್ಚಯಿಸುವ ರೈತವಾರಿ ಪದ್ಧತಿಗೆ ತಳಹದಿ ಹಾಕಿದನು. ತರುವಾಯ ಮದರಾಸು ಸರ್ಕಾರದವರು ಮಾಡಿಸಿದ ಜಮಾಬಂದಿಯ ದೊಡ್ಡ ಪುಸ್ತಕಗಳಿಗೆ ‘ಡಿಗ್ಲಾಟ್’ ಎಂಬ ಹೆಸರು ಇಂದಿಗೂ ಕಂದಾಯ ಕಚೇರಿಗಳಲ್ಲಿ ಬಳಕೆಯಲ್ಲಿದೆ. ಆ ಮಾತಿನ ಅರ್ಥ ಎರಡು ನುಡಿಯದು ಎಂದಷ್ಟೇ. ಇಂಗ್ಲಿಷಿನಲ್ಲಿಯೂ ದೇಶಭಾಷೆಯಲ್ಲಿಯೂ ಅಚ್ಚಾದುದರಿಂದ ಆ ಹೆಸರು ಬಂದಿತು. ಕಂದಾಯ ಕೇಳುವ ದೊರೆ ಒಂದು ಭಾಷೆಯವನು, ಕೊಡುವ ರೈತ ಇನ್ನೊಂದು ಭಾಷೆಯವನು. ಪುಸ್ತಕ ಇಬ್ಬರಿಗೂ ಓದಬರುವಂತಿರಬೇಕು ಎಂಬ ತಿಳಿವಳಿಕೆ, ಪರಕೀಯರಾದರೂ, ಅವರಿಗೆ ಇತ್ತು. ನಮ್ಮ ಕಾಲದ ಗಣಕಯಂತ್ರದವರು ಈ ಹಳೆಯ ಪುಸ್ತಕದಿಂದ ಕಲಿಯತಕ್ಕದ್ದು ಉಂಟು.

1953ರ ಅಕ್ಟೋಬರ್ 1ರಂದು ಆಂಧ್ರರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆ ಸೀಳಿತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಬಂದವು. ಉಳಿದದ್ದು ಮೈಸೂರಿಗೆ ಹೋಯಿತು. ಆದೋನಿ, ಆಲೂರುಗಳು ಕರ್ನೂಲು ಜಿಲ್ಲೆಗೆ ಸೇರಿದವು. 1984ರಲ್ಲಿ ವಂಶಪಾರಂಪರ್ಯದ ಕರಣಿಕೆ ರದ್ದಾಗಿ, ಕರಣಂಗಳ ಮನೆಯ ಪೆಟ್ಟಿಗೆಗಳಲ್ಲಿದ್ದ ಲೆಕ್ಕಗಳು ಕೈಬದಲಾದವು. 1985ರಲ್ಲಿ ತಾಲ್ಲೂಕುಗಳೇ ಹೋಗಿ ಮಂಡಲಗಳು ಬಂದವು. 2025ರ ನವೆಂಬರಿನಲ್ಲಿ ಆದೋನಿ ಮಂಡಲವನ್ನು ಒಡೆದು ಪೆದ್ದಹರಿವಾಣಂ ಹೆಸರಿನಲ್ಲಿ ಹೊಸ ಮಂಡಲ ಮಾಡುವ ಪ್ರಸ್ತಾಪವೂ ಸರ್ಕಾರದಿಂದ ಹೊರಟಿತು. ಪ್ರತಿಯೊಂದು ಸಲ ಗೆರೆ ಸರಿದಾಗಲೂ ಕಾಗದ ಒಂದು ಕಚೇರಿಯಿಂದ ಇನ್ನೊಂದಕ್ಕೆ ಪ್ರಯಾಣ ಮಾಡುತ್ತದೆ, ಒಬ್ಬ ಗುಮಾಸ್ತನ ಕೈಬರಹವನ್ನು ಇನ್ನೊಬ್ಬ ಪ್ರತಿಮಾಡುತ್ತಾನೆ. ಈಗ ಆ ಪ್ರತಿಮಾಡುವ ಕೆಲಸಕ್ಕೆ ಯಂತ್ರ ಬಂದಿದೆ.

ಯಂತ್ರ ಬಂದುದು ಒಳ್ಳೆಯದೇ. ಅದನ್ನು ಹಳಿಯುವುದಕ್ಕೆ ನಾನು ಇಲ್ಲಿ ನಿಂತಿಲ್ಲ. ಆದರೆ ಹೆಸರು ಯಂತ್ರದೊಳಗೆ ಹೋಗುವ ದಾರಿಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಕನ್ನಡ ಶಾಲೆಯಲ್ಲಿ ‘ಈರಣ್ಣ’ ಎಂದು ಸ್ಪಷ್ಟವಾಗಿ ಬರೆಯಲ್ಪಟ್ಟ ಹುಡುಗನೊಬ್ಬನಿದ್ದಾನೆ ಎಂದಿಟ್ಟುಕೊಳ್ಳಿ. ಆಧಾರ್ ಚೀಟಿ ಮಾಡಿಸುವಾಗ ಅವನ ಹೆಸರು ಮೊದಲು ಇಂಗ್ಲಿಷಿಗೆ ಹೋಗುತ್ತದೆ. ಅಲ್ಲಿ ದೀರ್ಘ ಈಕಾರಕ್ಕೆ ಒಬ್ಬ ಗುಮಾಸ್ತ ಎರಡಕ್ಷರ ಬರೆಯುತ್ತಾನೆ, ಇನ್ನೊಬ್ಬ ಒಂದೇ ಅಕ್ಷರ ಬರೆಯುತ್ತಾನೆ. ಣಕಾರಕ್ಕೂ ನಕಾರಕ್ಕೂ ಆ ಲಿಪಿಯಲ್ಲಿ ಒಂದೇ ಚಿಹ್ನೆ. ಆ ಇಂಗ್ಲಿಷಿನಿಂದ ಹೆಸರು ತೆಲುಗಿಗೆ ಮರಳಿದಾಗ ‘ಎರನ್ನ’ ಎಂದೋ, ತೆಲುಗಿನವರಿಗೆ ಹೆಚ್ಚು ಪರಿಚಿತವಾದ ‘ಎರ್ರನ್ನ’ ಎಂದೋ ಆಗಬಹುದು. ಕಾಳಮ್ಮನೆಂಬಾಕೆ ಹೀಗೆಯೇ ಕಲಮ್ಮನಾಗುತ್ತಾಳೆ. ಅದರ ಮೇಲೆ ತೆಲುಗು ಪದ್ಧತಿಯಲ್ಲಿ ಇಂಟಿಪೇರು ಮೊದಲು ಬರುತ್ತದೆ, ನಮ್ಮಲ್ಲಿ ತಂದೆಯ ಹೆಸರಿನ ಮೊದಲಕ್ಷರವೋ ಊರ ಹೆಸರಿನ ಮೊದಲಕ್ಷರವೋ ಬರುತ್ತದೆ. ಶಾಲೆಯ ಬಿಡುಗಡೆ ಪತ್ರ, ಆಧಾರ್, ಪಟ್ಟಾದಾರ್ ಪಾಸ್‌ಪುಸ್ತಕ, ಬ್ಯಾಂಕಿನ ಖಾತೆ, ಈ ನಾಲ್ಕರಲ್ಲಿ ಒಬ್ಬನೇ ಮನುಷ್ಯ ನಾಲ್ವರಾಗಿ ನಿಲ್ಲುತ್ತಾನೆ. ಹಿಂದೆ ಕರಣಂ ಮನುಷ್ಯನ ಮುಖ ನೋಡಿ ‘ಇವನು ಇವನೇ’ ಎಂದು ಒಪ್ಪುತ್ತಿದ್ದನು. ಯಂತ್ರಕ್ಕೆ ಮುಖದ ದಾಕ್ಷಿಣ್ಯವಿಲ್ಲ. ಅಕ್ಷರಕ್ಕೆ ಅಕ್ಷರ ಕೂಡಿದರೆ ಸರಿ, ಇಲ್ಲದಿದ್ದರೆ ಇಲ್ಲ.

ಇಲ್ಲೊಂದು ವಿಚಿತ್ರವನ್ನು ಗಮನಿಸಬೇಕು. ಕನ್ನಡ ಲಿಪಿಯೂ ತೆಲುಗು ಲಿಪಿಯೂ ಒಂದೇ ಬಸುರಿನ ಮಕ್ಕಳು. ಗಣಕಯಂತ್ರಗಳು ಪ್ರಪಂಚದ ಎಲ್ಲ ಲಿಪಿಗಳನ್ನೂ ಗುರುತಿಸುವುದಕ್ಕೆ ಬಳಸುವ ಯೂನಿಕೋಡ್ ಎಂಬ ಪಟ್ಟಿಯಲ್ಲಿಯೂ ಇವೆರಡೂ ಅಕ್ಕಪಕ್ಕದ ಮನೆಗಳಲ್ಲಿವೆ. ಒಂದೊಂದಕ್ಕೆ 128 ಸ್ಥಾನಗಳು. ತೆಲುಗಿನ ಕಕಾರದ ಸಂಖ್ಯೆ 3093. ಕನ್ನಡದ ಕಕಾರದ ಸಂಖ್ಯೆ 3221. ವ್ಯತ್ಯಾಸ 128. ಣಕಾರಕ್ಕೂ, ಳಕಾರಕ್ಕೂ, ಈಕಾರಕ್ಕೂ ಇದೇ ಲೆಕ್ಕ. ಎಂದರೆ ಕನ್ನಡದಲ್ಲಿ ಬರೆದ ಹೆಸರನ್ನು ತೆಲುಗಿಗೆ ಒಯ್ಯಬೇಕಾದರೆ ಪ್ರತಿ ಅಕ್ಷರದ ಸಂಖ್ಯೆಯಿಂದ 128 ಕಳೆದರೆ ಸಾಕು. ಹೆಸರಿನಲ್ಲಿ ಒಂದು ಒತ್ತೂ ಕೊಂಬೂ ನಷ್ಟವಾಗುವುದಿಲ್ಲ. ನಾಲ್ಕನೆಯ ತರಗತಿಯ ಹುಡುಗ ಮಾಡಬಹುದಾದ ಲೆಕ್ಕ ಇದು. ಹೀಗಿರುವಾಗ, ಪಕ್ಕದ ಮನೆಗೆ ಹೋಗುವುದಕ್ಕೆ ಲಂಡನ್ನಿನ ಮೇಲೆ ಸುತ್ತಿಕೊಂಡು ಹೋದಂತೆ, ಇಂಗ್ಲಿಷಿನ ಮೂಲಕ ಹೆಸರನ್ನು ಸಾಗಿಸುವುದು ಯಂತ್ರದ ಅಶಕ್ತಿಯಲ್ಲ, ಯೋಜನೆ ಮಾಡಿದವರ ಅಲಕ್ಷ್ಯ ಎಂದು ನಾನು ಹೇಳುತ್ತೇನೆ.

ಈ ಅಲಕ್ಷ್ಯ ಎಷ್ಟು ದೊಡ್ಡ ಅನರ್ಥಕ್ಕೆ ದಾರಿ ಮಾಡಬಲ್ಲದೆಂಬುದಕ್ಕೆ ಜಪಾನ್ ದೇಶದ ವೃತ್ತಾಂತವನ್ನು ತಮ್ಮ ಮುಂದೆ ಇಡಬಯಸುತ್ತೇನೆ. ಯಂತ್ರವಿದ್ಯೆಯಲ್ಲಿ ಜಪಾನಿಗಿಂತ ಮುಂದುವರಿದವರು ಯಾರು ಎಂದು ಕೇಳುವಂಥ ದೇಶ ಅದು. ಅಲ್ಲಿ 1997ರಲ್ಲಿ ಪ್ರತಿಯೊಬ್ಬರಿಗೂ ಒಂದೇ ಪಿಂಚಣಿ ಸಂಖ್ಯೆ ಕೊಡುವ ಏರ್ಪಾಟು ಆಯಿತು. ಅದಕ್ಕೆ ಮುಂಚೆ ಒಬ್ಬ ಮನುಷ್ಯ ಕೆಲಸ ಬದಲಾಯಿಸಿದರೆ ಅವನಿಗೆ ಬೇರೆ ಬೇರೆ ಸಂಖ್ಯೆಗಳಿರುತ್ತಿದ್ದವು. ಹಳೆಯ ಕಾಗದದ ಖಾತೆಗಳನ್ನು ಯಂತ್ರಕ್ಕೆ ಏರಿಸಿ, ಅವನ್ನು ಹೊಸ ಸಂಖ್ಯೆಗೆ ಕೂಡಿಸುವುದು ಉದ್ದೇಶ. 2007ರಲ್ಲಿ ಪಾರ್ಲಿಮೆಂಟಿನಲ್ಲಿ ಸಂಗತಿ ಬಯಲಾಯಿತು: ಸುಮಾರು 5 ಕೋಟಿ ಖಾತೆಗಳು ಯಾರವೆಂದು ಗೊತ್ತಾಗದೆ ಅನಾಥವಾಗಿ ಉಳಿದಿದ್ದವು. ದುಡಿಮೆಯ ಕಾಲದಲ್ಲಿ ಹಣ ಕಟ್ಟಿದವರುಂಟು, ಕಟ್ಟಿದುದಕ್ಕೆ ಲೆಕ್ಕವುಂಟು, ಆದರೆ ಆ ಲೆಕ್ಕ ಈ ಮನುಷ್ಯನದು ಎಂದು ಹೇಳುವುದಕ್ಕೆ ಯಂತ್ರಕ್ಕೆ ತಿಳಿಯದು.

ಇದಕ್ಕೆ ಕಾರಣಗಳು ಹಲವು. ಜನನದ ದಿನಾಂಕವನ್ನು ತಪ್ಪಾಗಿ ಏರಿಸಿದ್ದು, ಮದುವೆಯಾದ ಮೇಲೆ ಹೆಂಗಸರ ಮನೆತನದ ಹೆಸರು ಬದಲಾದದ್ದು ಮೊದಲಾದವು. ಅವುಗಳಲ್ಲಿ ನಮಗೆ ಮುಖ್ಯವಾದ ಕಾರಣವೊಂದಿದೆ. ಜಪಾನೀಯರು ತಮ್ಮ ಹೆಸರುಗಳನ್ನು ಚೀನಾದಿಂದ ಬಂದ ಚಿತ್ರಾಕ್ಷರಗಳಲ್ಲಿ ಬರೆಯುತ್ತಾರೆ. ಒಂದೇ ಚಿತ್ರಾಕ್ಷರವನ್ನು ಎರಡು ಮೂರು ಬಗೆಯಾಗಿ ಉಚ್ಚರಿಸಬಹುದು. ಯಾವ ಉಚ್ಚಾರ ಸರಿಯೆಂಬುದು ಆ ಮನೆಯವರಿಗೆ ಮಾತ್ರ ಗೊತ್ತು. ಯಂತ್ರಕ್ಕೆ ಹಾಕುವಾಗ ಕಾಗದದಲ್ಲಿದ್ದ ಚಿತ್ರಾಕ್ಷರಗಳನ್ನು ಯಾಂತ್ರಿಕವಾಗಿ ಧ್ವನಿಲಿಪಿಗೆ ಮಾರ್ಪಡಿಸಿದರು. ಮನೆಯವರನ್ನು ಕೇಳಲಿಲ್ಲ. ಎಷ್ಟೋ ಜನರ ಹೆಸರು ಬೇರೊಂದು ಉಚ್ಚಾರದಲ್ಲಿ ಯಂತ್ರದೊಳಗೆ ಕುಳಿತುಬಿಟ್ಟಿತು. ಮುದುಕ ಬಂದು ತನ್ನ ಹೆಸರು ಹೇಳಿದರೆ ಯಂತ್ರ ‘ಅಂಥವರಿಲ್ಲ’ ಎಂದಿತು. ನಮ್ಮ ಈರಣ್ಣನಿಗೆ ಆದದ್ದೂ ಇದೇ ಅಲ್ಲವೇ?

ಆಮೇಲೆ ಅವರು ಮಾಡಿದ್ದೇನು ಎಂಬುದು ಇನ್ನೂ ಹೆಚ್ಚು ಮನನೀಯ. ಪಿಂಚಣಿದಾರರಿಗೂ ಚಂದಾದಾರರಿಗೂ ಅಂಚೆಯಲ್ಲಿ ಪತ್ರ ಕಳುಹಿಸಿ, ‘ನಿಮ್ಮ ಬಗೆಗೆ ನಮ್ಮಲ್ಲಿ ಹೀಗೆ ಬರೆದಿದೆ; ಸರಿಯೇ ನೋಡಿ, ಬಿಟ್ಟುಹೋದುದಿದ್ದರೆ ತಿಳಿಸಿ’ ಎಂದು ಕೇಳಿಕೊಂಡರು. ಹಳೆಯ ಕಾಗದದ ಖಾತೆಗಳನ್ನು ಹೊರಗೆ ತೆಗೆದು ಯಂತ್ರದ ಲೆಕ್ಕಕ್ಕೆ ಹೋಲಿಸಿದರು. ಪಿಂಚಣಿಯನ್ನು ನೋಡಿಕೊಳ್ಳುತ್ತಿದ್ದ ಇಲಾಖೆಯನ್ನೇ ಮುಚ್ಚಿ 2010ರಲ್ಲಿ ಹೊಸ ಸಂಸ್ಥೆ ಸ್ಥಾಪಿಸಿದರು. ಈ ಗಲಭೆಯ ನಡುವೆ 2007ರ ಜುಲೈ ಚುನಾವಣೆಯಲ್ಲಿ ಆಳುವ ಪಕ್ಷ ಮೇಲ್ಮನೆಯಲ್ಲಿ ಬಹುಮತ ಕಳೆದುಕೊಂಡಿತು. ಕಾಗದದ ಖಾತೆಗಳು ಉಳಿದಿದ್ದುದರಿಂದ ಹೋಲಿಸುವುದು ಸಾಧ್ಯವಾಯಿತು. ‘ಯಂತ್ರಕ್ಕೆ ಏರಿಸಿದ್ದಾಯಿತು, ಇನ್ನು ಇದು ಯಾಕೆ’ ಎಂದು ಅವನ್ನೆಲ್ಲ ರದ್ದಿಗೆ ಹಾಕಿದ್ದರೆ ಯಾವ ದೇವರೂ ಆ ಮುದುಕರ ಹಣವನ್ನು ಹುಡುಕಿಕೊಡಲಾರದೆ ಹೋಗುತ್ತಿದ್ದನು.

ಕಾಗದವನ್ನು ನಾಶಮಾಡಿದವರ ಕಥೆಯೂ ಉಂಟು. ಎರಡನೆಯ ಮಹಾಯುದ್ಧದ ತರುವಾಯ ಕೆರಿಬಿಯನ್ ದ್ವೀಪಗಳಿಂದ ಸಾವಿರಾರು ಜನ ಕೆಲಸಕ್ಕಾಗಿ ಇಂಗ್ಲೆಂಡಿಗೆ ಹೋಗಿ ನೆಲೆಸಿದರು. 1973ಕ್ಕೆ ಮುಂಚೆ ಬಂದವರಿಗೆ ಅಲ್ಲಿ ಇರುವ ಹಕ್ಕು ಕಾನೂನಿನಿಂದ ಇತ್ತು. ಅವರು ಹಡಗಿನಿಂದ ಇಳಿದಾಗ ಬರೆದುಕೊಂಡ ಚೀಟಿಗಳನ್ನು ಅಲ್ಲಿನ ಗೃಹಖಾತೆ 2010ರಲ್ಲಿ ನಾಶಮಾಡಿತು. ಕೆಲವು ವರ್ಷಗಳಲ್ಲಿ ಕಾನೂನು ಬಿಗಿಯಾಗಿ, ‘ನೀವು ಯಾವಾಗ ಬಂದಿರಿ, ದಾಖಲೆ ತನ್ನಿ’ ಎಂದು ಆ ಮುದುಕರನ್ನೇ ಕೇಳಿದರು. ಕೆಲಸ ಕಳೆದುಕೊಂಡವರು, ಔಷಧೋಪಚಾರ ಸಿಗದವರು, ದೇಶದಿಂದಲೇ ಹೊರಗೆ ಕಳುಹಿಸಲ್ಪಟ್ಟವರು ಇದ್ದರು. 2018ರಲ್ಲಿ ಇದು ದೊಡ್ಡ ಹಗರಣವಾಗಿ ಗೃಹಮಂತ್ರಿಣಿ ರಾಜೀನಾಮೆ ಕೊಟ್ಟರು. ಗಡಿಯಲ್ಲಿ ವಾಸಮಾಡುವವರು, ಒಂದು ಕಾಲು ಆಚೆ ಒಂದು ಕಾಲು ಈಚೆ ಇಟ್ಟು ನೆಂಟಸ್ತನ ಮಾಡುವವರು, ಈ ಪ್ರಸಂಗವನ್ನು ಮರೆಯಬಾರದು.

ಹಾಗಾದರೆ ಯಂತ್ರವನ್ನು ನಂಬಿ ಒಳ್ಳೆಯದನ್ನು ಸಾಧಿಸಿದವರು ಯಾರೂ ಇಲ್ಲವೇ ಎಂದರೆ, ಇದ್ದಾರೆ. ಬಾಲ್ಟಿಕ್ ಸಮುದ್ರದ ದಂಡೆಯ ಎಸ್ಟೋನಿಯ ಎಂಬ ಸಣ್ಣ ದೇಶ ಈ ವಿಷಯದಲ್ಲಿ ಎಲ್ಲರ ಬಾಯಲ್ಲಿದೆ. ಅಲ್ಲಿನ ಜನಸಂಖ್ಯೆ ಸುಮಾರು 13 ಲಕ್ಷ. ನಮ್ಮ ಆದೋನಿ ಪಟ್ಟಣದಂಥ ಏಳೆಂಟು ಪಟ್ಟಣಗಳನ್ನು ಕೂಡಿಸಿದರೆ ಅಷ್ಟು. 1991ರಲ್ಲಿ ಸ್ವತಂತ್ರವಾದ ಆ ದೇಶ 2001ರಿಂದ ತನ್ನ ಇಲಾಖೆಗಳ ದಾಖಲೆಗಳನ್ನು ಒಂದಕ್ಕೊಂದು ಮಾತನಾಡುವಂತೆ ಜೋಡಿಸಿತು. ಒಂದು ಇಲಾಖೆ ಒಮ್ಮೆ ಕೇಳಿ ಬರೆದುಕೊಂಡ ವಿಷಯವನ್ನು ಇನ್ನೊಂದು ಇಲಾಖೆ ಮತ್ತೆ ಪ್ರಜೆಯನ್ನು ಕೇಳಕೂಡದೆಂಬುದು ಅಲ್ಲಿನ ನಿಯಮ. ನಮ್ಮ ಕಡೆ ಒಂದೇ ವಾರದಲ್ಲಿ ಮೂರು ಕಚೇರಿಗೆ ಮೂರು ಆಧಾರ್ ನಕಲು ಕೊಡುವವರಿಗೆ ಇದು ಕಟ್ಟುಕಥೆಯೆಂದು ತೋರಬಹುದು. ನನಗೆ ಅದಕ್ಕಿಂತ ಹಿಡಿಸಿದ್ದು ಬೇರೊಂದು ಏರ್ಪಾಟು. ತನ್ನ ದಾಖಲೆಯನ್ನು ಯಾವ ಅಧಿಕಾರಿ, ಯಾವ ದಿನ ತೆಗೆದು ನೋಡಿದನೆಂಬುದನ್ನು ಅಲ್ಲಿನ ಪ್ರಜೆ ಮನೆಯಲ್ಲಿ ಕುಳಿತು ನೋಡಬಹುದು. ಕಾರಣವಿಲ್ಲದೆ ನೋಡಿದ್ದರೆ ಪ್ರಶ್ನಿಸಬಹುದು. ಸರ್ಕಾರ ಪ್ರಜೆಯನ್ನು ನೋಡುವಷ್ಟೇ ಪ್ರಜೆಯೂ ಸರ್ಕಾರವನ್ನು ನೋಡುತ್ತಾನೆ.

ಅಲ್ಲಿಯೂ ಕಂಟಕ ಬಂದಿಲ್ಲವೆಂದಲ್ಲ. 2007ರಲ್ಲಿ ಶತ್ರುಗಳು ಅಂತರಜಾಲದ ಮೂಲಕ ಆ ದೇಶದ ಕಚೇರಿ, ಬ್ಯಾಂಕು, ಪತ್ರಿಕೆಗಳನ್ನು ದಿನಗಟ್ಟಲೆ ಕಂಗೆಡಿಸಿದರು. 2017ರಲ್ಲಿ ಸುಮಾರು ಏಳೂವರೆ ಲಕ್ಷ ಗುರುತಿನ ಚೀಟಿಗಳ ಒಳಗಿನ ಬೀಗದಲ್ಲಿ ದೋಷವಿದೆಯೆಂದು ತಿಳಿದುಬಂತು. ಸರ್ಕಾರ ಅದನ್ನು ಮುಚ್ಚಿಡಲಿಲ್ಲ. ಬಹಿರಂಗವಾಗಿ ಹೇಳಿ, ಆ ಬೀಗಗಳನ್ನು ತಡೆಹಿಡಿದು ಹೊಸತು ಕೊಟ್ಟಿತು. ಅದೇ 2017ರಲ್ಲಿ ಲಕ್ಸೆಂಬರ್ಗ್ ದೇಶದೊಡನೆ ಒಪ್ಪಂದ ಮಾಡಿಕೊಂಡು ತನ್ನ ಮುಖ್ಯ ದಾಖಲೆಗಳ ಪ್ರತಿಯನ್ನು ಆ ಪರದೇಶದಲ್ಲಿ ಇಟ್ಟಿದೆ. ಆ ಕಟ್ಟಡದ ಕೋಣೆಗೆ ರಾಯಭಾರ ಕಚೇರಿಯಂಥ ರಕ್ಷಣೆಯುಂಟು. ನೆಲವೇ ಕೈಬಿಟ್ಟರೂ ಯಾರ ಹೊಲ ಯಾರದೆಂಬ ಲೆಕ್ಕ ಉಳಿಯಲಿ ಎಂಬ ದೂರಾಲೋಚನೆ ಅದು. ಪರರ ಆಳ್ವಿಕೆಯನ್ನು ಬಹಳ ಕಾಲ ಕಂಡ ಜನಕ್ಕೆ ಮಾತ್ರ ಹೊಳೆಯುವ ಆಲೋಚನೆ ಎಂದು ನನಗೆ ತೋರುತ್ತದೆ.

ದಕ್ಷಿಣ ಕೊರಿಯ ಎಸ್ಟೋನಿಯಕ್ಕಿಂತ ಎಷ್ಟೋ ಪಾಲು ದೊಡ್ಡದು, ಧನಿಕವಾದುದು. 2025ರ ಸೆಪ್ಟೆಂಬರ್ 26ರಂದು ಅಲ್ಲಿನ ದೇಜಾನ್ ನಗರದಲ್ಲಿ ಸರ್ಕಾರದ ಗಣಕಗಳನ್ನು ಇಟ್ಟಿದ್ದ ಕಟ್ಟಡದಲ್ಲಿ ಬ್ಯಾಟರಿಗಳಿಗೆ ಬೆಂಕಿ ಹತ್ತಿತು. ನೂರಾರು ಸರ್ಕಾರಿ ಸೇವೆಗಳು ನಿಂತವು. ಸರ್ಕಾರಿ ನೌಕರರು ತಮ್ಮ ಕೆಲಸದ ಕಡತಗಳನ್ನು ಇಡುತ್ತಿದ್ದ ಭಂಡಾರವೊಂದು ಅದರಲ್ಲಿ ಸುಟ್ಟುಹೋಯಿತು. ಅದರಲ್ಲಿದ್ದುದು 858 ಟೆರಾಬೈಟ್. ನಮ್ಮ ಹುಡುಗರ ಕೈಯಲ್ಲಿರುವ 128 ಗಿಗಾಬೈಟಿನ ದೂರವಾಣಿಗಳನ್ನು ತೆಗೆದುಕೊಂಡರೆ, ಅಂಥ ಆರು ಸಾವಿರಕ್ಕೂ ಹೆಚ್ಚು ದೂರವಾಣಿಗಳು ತುಂಬುವಷ್ಟು. ಅದಕ್ಕೆ ಬೇರೆ ಸ್ಥಳದಲ್ಲಿ ಪ್ರತಿ ಇರಲಿಲ್ಲ. ಸಣ್ಣ ದೇಶ ಪ್ರತಿಯನ್ನು ಪರದೇಶದಲ್ಲಿ ಇಟ್ಟಿತು, ದೊಡ್ಡ ದೇಶ ಪಕ್ಕದ ಊರಿನಲ್ಲಿಯೂ ಇಡಲಿಲ್ಲ.

ಬೆಂಕಿಯೇ ಬೀಳಬೇಕೆಂದಿಲ್ಲ, ಕಾಲವೇ ಸಾಕು. ಇಂಗ್ಲೆಂಡಿನಲ್ಲಿ 1086ರಲ್ಲಿ ರಾಜನು ಊರೂರಿನ ನೆಲ, ನೇಗಿಲು, ಗಿರಣಿಗಳನ್ನು ಎಣಿಸಿ ಬರೆಯಿಸಿದ ‘ಡೂಮ್ಸ್‌ಡೇ’ ಎಂಬ ಪುಸ್ತಕವಿದೆ. ಅದರ 900ನೆಯ ವರ್ಷಕ್ಕೆ, 1986ರಲ್ಲಿ, ಬಿ.ಬಿ.ಸಿ. ಸಂಸ್ಥೆಯವರು ಶಾಲೆಯ ಮಕ್ಕಳನ್ನೂ ಊರವರನ್ನೂ ಸೇರಿಸಿ ಹೊಸದೊಂದು ಸಮೀಕ್ಷೆ ಮಾಡಿಸಿ ಲೇಸರ್ ತಟ್ಟೆಗಳಲ್ಲಿ ತುಂಬಿಸಿದರು. 2002ರ ಹೊತ್ತಿಗೆ ಆ ತಟ್ಟೆಗಳನ್ನು ಓದುವ ಯಂತ್ರಗಳೇ ಅಪರೂಪವಾಗಿ, ವಿದ್ವಾಂಸರು ಬಹಳ ಕಷ್ಟಪಟ್ಟು ಅದನ್ನು ಉಳಿಸಬೇಕಾಯಿತು. ಚರ್ಮದ ಮೇಲೆ ಬರೆದ ಹಳೆಯ ಪುಸ್ತಕವನ್ನು ಲ್ಯಾಟಿನ್ ಬಲ್ಲವನು ಇಂದಿಗೂ ಕಣ್ಣಿನಿಂದ ಓದುತ್ತಾನೆ. ನಮ್ಮ ದೇಶದ 2000ನೆಯ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯಿದೆಯೂ ಯಂತ್ರದ ದಾಖಲೆಯನ್ನು ಮುಂದೆ ತೆಗೆದು ನೋಡಲು ಬರುವಂತೆ ಇಡತಕ್ಕದ್ದೆಂದು ಹೇಳುತ್ತದೆ. ಹೇಳುವುದು ಸುಲಭ.

ಈಗ ಭಾಷೆಯ ಮಾತಿಗೆ ಬರುತ್ತೇನೆ. ಈ ಸಂಘದ ವೇದಿಕೆಯಲ್ಲಿ ಅದನ್ನು ಬಿಟ್ಟು ಕೂಡುವಂತಿಲ್ಲ. ಫಿನ್ಲೆಂಡ್ ದೇಶದಲ್ಲಿ ಫಿನ್ನಿಷ್ ಭಾಷೆಯವರೇ ಬಹುಸಂಖ್ಯಾತರು; ಸ್ವೀಡಿಷ್ ಮಾತೃಭಾಷೆಯವರು ನೂರಕ್ಕೆ ಸುಮಾರು ಐವರು. ಆದರೂ ಎರಡೂ ರಾಷ್ಟ್ರಭಾಷೆಗಳು. ಅಲ್ಲಿನ ಜನಸಂಖ್ಯಾ ದಫ್ತರದಲ್ಲಿ ಹೆಸರು, ಹುಟ್ಟಿದ ದಿನ, ವಿಳಾಸಗಳ ಜತೆಗೆ ಮಾತೃಭಾಷೆ ಎಂಬ ಅಂಕಣವೂ ಇದೆ. ಪ್ರಜೆ ಅರ್ಜಿ ಕೊಟ್ಟು ಅದನ್ನು ತಿದ್ದಿಸಬಹುದು. ಒಂದು ಊರಾಡಳಿತದಲ್ಲಿ ಅಲ್ಪಸಂಖ್ಯಾತ ಭಾಷೆಯವರು ನೂರಕ್ಕೆ 8ರಷ್ಟಿದ್ದರೆ, ಅಥವಾ 3000 ಜನರಿದ್ದರೆ, ಆ ಊರಾಡಳಿತ ದ್ವಿಭಾಷೆಯದೆನಿಸುತ್ತದೆ. ಹತ್ತು ವರ್ಷಕ್ಕೊಮ್ಮೆ ಸರ್ಕಾರ ಈ ದಫ್ತರದ ಲೆಕ್ಕ ನೋಡಿಯೇ ಅದನ್ನು ನಿಶ್ಚಯಿಸುತ್ತದೆ. ಎಂದರೆ ಆ ಅಂಕಣಕ್ಕೆ ಬೆಲೆಯಿದೆ; ಅದರಿಂದ ಶಾಲೆ, ನಾಮಫಲಕ, ಕಚೇರಿಯ ಉತ್ತರ ಎಲ್ಲವೂ ಹುಟ್ಟುತ್ತವೆ.

ನಮ್ಮಲ್ಲಿ ನಿಯಮವಿಲ್ಲವೆಂದಲ್ಲ. 1956ರಲ್ಲಿ ಭಾಷಾ ಅಲ್ಪಸಂಖ್ಯಾತರ ರಕ್ಷಣೆಗಾಗಿ ಕೇಂದ್ರ ಸರ್ಕಾರ ಸಿದ್ಧಪಡಿಸಿದ ಜ್ಞಾಪನ ಪತ್ರದಲ್ಲಿ, ಒಂದು ಪ್ರದೇಶದಲ್ಲಿ ಅಲ್ಪಸಂಖ್ಯಾತರು ನೂರಕ್ಕೆ 15ರಿಂದ 20ರಷ್ಟಿದ್ದರೆ ಮುಖ್ಯವಾದ ಸರ್ಕಾರಿ ಪ್ರಕಟಣೆಗಳನ್ನು ಅವರ ಭಾಷೆಯಲ್ಲಿಯೂ ಹೊರಡಿಸಬೇಕೆಂದು ಇದೆ. ಸಂವಿಧಾನದ 350ನೆಯ ಅನುಚ್ಛೇದದ ಪ್ರಕಾರ ಯಾವನೇ ಪ್ರಜೆ ತನ್ನ ಕುಂದುಕೊರತೆಯನ್ನು ಕೇಂದ್ರದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಬರೆದುಕೊಡಬಹುದು. 2005ರ ಮಾಹಿತಿ ಹಕ್ಕು ಕಾಯಿದೆಯ 4ನೆಯ ಕಲಮು ಸರ್ಕಾರ ತಾನಾಗಿ ಹೊರಗಿಡುವ ಮಾಹಿತಿಯನ್ನು ಸ್ಥಳೀಯ ಭಾಷೆಯನ್ನು ಗಮನಿಸಿ ಹೊರಗಿಡಬೇಕೆನ್ನುತ್ತದೆ. ಆದರೆ ಈ ನಿಯಮಗಳೆಲ್ಲ ಕಾಗದದ ಕಾಲದಲ್ಲಿ ಹುಟ್ಟಿದ ಮನಸ್ಸಿನವು. ಯಂತ್ರದಲ್ಲಿ ಅಂಕಣ ಮಾಡುವವನ ಮುಂದೆ ಇವು ಇರುವುದಿಲ್ಲ. ಒಮ್ಮೆ ಅಂಕಣವಿಲ್ಲದೆ ನಮೂನೆ ಸಿದ್ಧವಾದರೆ, ಆಮೇಲೆ ‘ವ್ಯವಸ್ಥೆಯಲ್ಲಿ ಅವಕಾಶವಿಲ್ಲ’ ಎಂಬ ಉತ್ತರ ಬರುತ್ತದೆ. ಮನುಷ್ಯ ಇಲ್ಲವೆಂದರೆ ಮೇಲಿನವನಿಗೆ ಹೇಳಿಕೊಳ್ಳಬಹುದು. ವ್ಯವಸ್ಥೆ ಇಲ್ಲವೆಂದರೆ ಯಾರಿಗೆ ಹೇಳಿಕೊಳ್ಳುವುದು?

ನಮ್ಮ ಎರಡು ನೆರೆಗಳನ್ನೂ ಹೋಲಿಸಿ ನೋಡೋಣ. ಕರ್ನಾಟಕದವರು ‘ಭೂಮಿ’ ಎಂಬ ಯೋಜನೆಯಲ್ಲಿ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿ, ಇಸವಿ 2002ರ ಹೊತ್ತಿಗೆ ಕೈಬರಹದ ಪಹಣಿಯನ್ನು ಬಳಕೆಯಿಂದ ತೆಗೆದರು. ಆಗ 15 ರೂಪಾಯಿ ಕೊಟ್ಟರೆ ತಾಲ್ಲೂಕು ಕಚೇರಿಯಲ್ಲಿ ಅಚ್ಚಾದ ಪಹಣಿ ಸಿಗುತ್ತಿತ್ತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಂತೆಯೇ ತೆಗೆದುಕೊಳ್ಳಬೇಕೆಂದು ಯಂತ್ರವೇ ಬಿಗಿಮಾಡಿದ್ದು ಅದರ ಒಂದು ಗುಣ. ಆ ಪಹಣಿ ಕನ್ನಡದಲ್ಲಿದೆ, ನಮಗೆ ಸಂತೋಷ. ಆದರೆ ಬಳ್ಳಾರಿ, ಪಾವಗಡ, ಕೋಲಾರಗಳ ತೆಲುಗು ಮನೆಗಳಲ್ಲಿ ಕುಳಿತು ನೋಡಿದರೆ ನಮ್ಮ ದೂರೇ ತಿರುಗಿ ಕೇಳಿಸುತ್ತದೆ. ನ್ಯಾಯವಾಗಿ ಅದನ್ನೂ ಹೇಳಬೇಕು. ಆಂಧ್ರದಲ್ಲಿ ನೋಂದಣಿ ಕಚೇರಿಗಳಿಗೆ 1998ರಲ್ಲಿಯೇ ಗಣಕಗಳು ಬಂದವು. 2015ರಲ್ಲಿ ‘ಮೀ ಭೂಮಿ’ ಬಂದು ಅಡಂಗಲ್ಲನ್ನೂ ಒನ್ ಬಿಯನ್ನೂ ಮನೆಯಿಂದಲೇ ನೋಡುವಂತಾಯಿತು. 2020ರ ಡಿಸೆಂಬರಿನಿಂದ ಡ್ರೋನುಗಳ ಸಹಾಯದಿಂದ ಭೂಮಿಯ ಮರುಸಮೀಕ್ಷೆ ಆರಂಭವಾಯಿತು.

ಅದರ ಬೆನ್ನಿಗೆ ಬಂದ 2022ರ ಭೂಹಕ್ಕು ಕಾಯಿದೆ ತಮಗೆ ನೆನಪಿರಬಹುದು. ಹೊಸ ರಿಜಿಸ್ಟರಿನಲ್ಲಿ ಬರೆದ ಹೆಸರಿಗೆ ಎರಡು ವರ್ಷದೊಳಗೆ ಆಕ್ಷೇಪಣೆ ಬರದಿದ್ದರೆ ಅದೇ ಕೊನೆಯ ಪ್ರಮಾಣವಾಗುವಂತೆ ಅದರಲ್ಲಿತ್ತು. ಆ ಕಾಯಿದೆ 2023ರ ಅಕ್ಟೋಬರಿನಲ್ಲಿ ಜಾರಿಗೆ ಬಂದು, ಬಹಳ ವಿರೋಧದ ಮೇಲೆ 2024ರಲ್ಲಿ ರದ್ದಾಯಿತು. ರಾಜಕೀಯದ ಮಾತು ನನಗೆ ಬೇಡ. ರಿಜಿಸ್ಟರೇ ಕೊನೆಯ ಪ್ರಮಾಣವೆಂಬ ಪದ್ಧತಿ 1858ರಲ್ಲಿ ದಕ್ಷಿಣ ಆಸ್ಟ್ರೇಲಿಯದಲ್ಲಿ ಟಾರೆನ್ಸ್ ಎಂಬಾತನಿಂದ ಆರಂಭವಾದುದು. ಅದು ಅನೇಕ ದೇಶಗಳಲ್ಲಿ ಚೆನ್ನಾಗಿ ನಡೆಯುತ್ತಿದೆ. ಆದರೆ ರಿಜಿಸ್ಟರಿನ ತಪ್ಪಿನಿಂದ ಹೊಲ ಕಳೆದುಕೊಂಡವನಿಗೆ ಪರಿಹಾರ ಕೊಡುವ ನಿಧಿ ಅಲ್ಲಿ ಅದರ ಜತೆಯಲ್ಲಿಯೇ ಹುಟ್ಟಿತು. ಇಂಗ್ಲೆಂಡಿನ ಭೂದಫ್ತರವೂ ಇಂದಿಗೂ ಹಾಗೆ ಪರಿಹಾರ ಕೊಡುತ್ತದೆ. ಒಂದು ಪ್ರಶ್ನೆ ಮಾತ್ರ ಕೇಳುತ್ತೇನೆ: ಈರಣ್ಣನ ಹೊಲ ಎರ್ರನ್ನನ ಹೆಸರಿನಲ್ಲಿ ಬರೆಯಲ್ಪಟ್ಟು, ಅದು ತೆಲುಗಿನಲ್ಲಿದ್ದ ಕಾರಣ ಕನ್ನಡ ಮಾತ್ರ ಓದಬಲ್ಲ ಅವನ ತಾಯಿಗೆ ತಿಳಿಯದೆ ಎರಡು ವರ್ಷ ಕಳೆದುಹೋದರೆ ಏನು ಗತಿ? ಆ ಕಾಯಿದೆ ಈಗಿಲ್ಲ. ಅಂಥದು ಮುಂದೆ ಯಾವ ಹೆಸರಿನಲ್ಲಾದರೂ ಬರಬಹುದು.

ಮಕ್ಕಳ ವಿಷಯವನ್ನೂ ಒಂದೆರಡು ಮಾತಿನಲ್ಲಿ ಹೇಳಬೇಕು. ಕರ್ನಾಟಕದ ವೃತ್ತಿಶಿಕ್ಷಣದ ಕಾಲೇಜುಗಳ ಪ್ರವೇಶದಲ್ಲಿ ಗಡಿನಾಡ ಕನ್ನಡಿಗರಿಗೆಂದು ಅವಕಾಶವಿದೆ. ಆ ನಿಯಮದಲ್ಲಿ ಆದೋನಿ, ಆಲೂರು, ರಾಯದುರ್ಗ, ಮಡಕಶಿರಾ ಎಂದು ತಾಲ್ಲೂಕುಗಳ ಹೆಸರಿವೆ. ಈ ಕಡೆ ತಾಲ್ಲೂಕು ಎಂಬುದು 1985ರಲ್ಲಿಯೇ ಹೋಯಿತು. ಮಂಡಲದ ತಹಸೀಲ್ದಾರರು ತಮ್ಮ ಮಂಡಲದ ಹೆಸರಿನಲ್ಲಿಯೇ ಪತ್ರ ಕೊಡುತ್ತಾರೆ. ಮಂಡಲಗಳು ಮತ್ತೆ ಒಡೆದರೆ ಪತ್ರದಲ್ಲಿ ಇನ್ನೊಂದು ಹೆಸರು ಬರುತ್ತದೆ. ಬೆಂಗಳೂರಿನಲ್ಲಿ ಕುಳಿತು ಪರಿಶೀಲಿಸುವವರಿಗೆ ಆ ಊರು ಹಳೆಯ ಆದೋನಿ ತಾಲ್ಲೂಕಿನದೆಂದು ತಿಳಿಯುವ ಬಗೆ ಹೇಗೆ? ಹುಡುಗನ ಹೆಸರಿನಲ್ಲಿ ಅಕ್ಷರ ಭೇದ, ಊರಿನ ಹೆಸರಿನಲ್ಲಿ ಮಂಡಲ ಭೇದ, ಎರಡೂ ಕೂಡಿದರೆ ಹನ್ನೆರಡು ವರ್ಷ ಕನ್ನಡದಲ್ಲಿ ಓದಿದ ಫಲ ಒಂದು ಮಧ್ಯಾಹ್ನದಲ್ಲಿ ಕೈತಪ್ಪುವುದುಂಟು.

ಆದುದರಿಂದ ನಾನು ಸಂಘದ ಮುಂದೆ ಇಡುವ ಸಲಹೆ ಸಣ್ಣದು. ಜಪಾನೀಯರು ಅಂಚೆಯಲ್ಲಿ ಮಾಡಿದ್ದನ್ನು ನಾವು ಶಾಲೆಯ ಜಗುಲಿಯಲ್ಲಿ ಮಾಡಬಹುದು. ವರ್ಷದಲ್ಲಿ ಒಂದು ಭಾನುವಾರ ಪ್ರತಿ ಮನೆಯವರೂ ತಮ್ಮ ಒನ್ ಬಿ ನಕಲು, ಆಧಾರ್, ಪಾಸ್‌ಪುಸ್ತಕ, ಮಕ್ಕಳ ಶಾಲಾ ಪತ್ರಗಳನ್ನು ತರಲಿ. ಎರಡು ಲಿಪಿಗಳನ್ನೂ ಬಲ್ಲ ಹಿರಿಯ ತರಗತಿಯ ಹುಡುಗರು ಅವನ್ನು ಗಟ್ಟಿಯಾಗಿ ಓದಲಿ. ಭೇದ ಕಂಡಲ್ಲಿ ಬರೆದುಕೊಳ್ಳಲಿ. ತಿದ್ದುಪಡಿಯ ಅರ್ಜಿಯನ್ನು ಸಂಘ ಎಡಪುಟದಲ್ಲಿ ಕನ್ನಡ, ಬಲಪುಟದಲ್ಲಿ ತೆಲುಗು ಇರುವಂತೆ ಅಚ್ಚು ಹಾಕಿಸಲಿ. ಹೆಸರಿನ ಸ್ಥಾನದಲ್ಲಿ ಕನ್ನಡ, ತೆಲುಗು, ಇಂಗ್ಲಿಷ್ ಮೂರು ಅಂಕಣಗಳಿರಲಿ. ಅಂಥ ಅರ್ಜಿಗಳು ಒಂದೆರಡಲ್ಲದೆ ಇನ್ನೂರು ಒಟ್ಟಿಗೆ ಹೋದರೆ, ಹೆಸರನ್ನು ಕನ್ನಡದಿಂದ ನೇರವಾಗಿ ತೆಲುಗಿಗೆ ಒಯ್ಯುವ ಆ 128ರ ಲೆಕ್ಕವನ್ನು ಕುರಿತು ಜಿಲ್ಲಾ ಕಲೆಕ್ಟರರಿಗೂ, ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೂ ಒಂದು ಮನವಿಯನ್ನು ಸೇರಿಸಿ ಕಳುಹಿಸಬಹುದು. ಹಳೆಯ ತಾಲ್ಲೂಕಿನ ಊರುಗಳ ಪಟ್ಟಿಯನ್ನೂ, ಅವು ಈಗ ಸೇರಿರುವ ಮಂಡಲಗಳನ್ನೂ ಎರಡು ಲಿಪಿಗಳಲ್ಲಿ ಅಚ್ಚುಮಾಡಿ ಬೆಂಗಳೂರಿಗೆ ಕಳುಹಿಸುವುದು ಕಷ್ಟದ ಕೆಲಸವಲ್ಲ.

ಇನ್ನು ಮನೆಯ ಪೆಟ್ಟಿಗೆಗಳಲ್ಲಿ ಕರಣಂ ಬರೆದ ಹಳೆಯ ಪಟ್ಟಾ, ಕಂದಾಯದ ರಸೀದಿ, ಮದರಾಸು ಸರ್ಕಾರದ ಕಾಲದ ಕ್ರಯಪತ್ರಗಳಿದ್ದರೆ, ಯಂತ್ರದಲ್ಲಿ ಎಲ್ಲವೂ ಬಂದಿದೆಯೆಂದು ಯಾರು ಹೇಳಿದರೂ ಅವನ್ನು ದಯಮಾಡಿ ಸುಡಬೇಡಿ. ಮಳೆಗಾಲಕ್ಕೆ ಮುಂಚೆ ಒಮ್ಮೆ ನೆರಳಿನಲ್ಲಿ ಗಾಳಿಗೆ ಹಾಕಿ, ಒಣಬೇವಿನೆಲೆ ಇಟ್ಟು, ಬಟ್ಟೆಯಲ್ಲಿ ಸುತ್ತಿಡಿ. ಭಾವಚಿತ್ರ ತೆಗೆದು ಎರಡು ಕಡೆ ಇಡುವ ಕೆಲಸಕ್ಕೆ ಸಂಘದ ತರುಣರು ಮುಂದೆ ಬರುವುದಾಗಿ ಕಾರ್ಯದರ್ಶಿಗಳು ಹೇಳಿದ್ದಾರೆ.